ರೈಟ್ ಎಂದರೆ ಸರಿಯೇ?

ಇಂಗ್ಲಿಷಿನ ಕೆಲವು ಪದಗಳು ನಮ್ಮ ಮನೆಗೆ ನೆಂಟರಾಗಿ ಬಂದು ಮನೆಯವರೇ ಆಗಿ ಕುಳಿತಿವೆ. ಅವುಗಳಲ್ಲಿ ‘ರೈಟ್’ ಒಂದು. ಶಾಲೆಯ ಮೆಟ್ಟಿಲು ಹತ್ತದವರೂ ಈ ಪದವನ್ನು ಬಲ್ಲರು. ನಮ್ಮ ಊರುಗಳ ಬಸ್ಸಿನಲ್ಲಿ ಕಂಡಕ್ಟರು ‘ಹೋಲ್ಡಾನ್’ ಎಂದರೆ ಗಾಡಿ ನಿಲ್ಲುತ್ತದೆ, ‘ರೈಟ್’ ಎಂದರೆ ಹೊರಡುತ್ತದೆ. ಆ ‘ರೈಟ್’ ಕೇಳಿ ಯಾವ ಡ್ರೈವರನೂ ಗಾಡಿಯನ್ನು ಬಲಕ್ಕೆ ತಿರುಗಿಸಿದ್ದಿಲ್ಲ. ಮೇಷ್ಟ್ರು ಸ್ಲೇಟಿನ ಮೇಲೆ ಎಳೆಯುತ್ತಿದ್ದ ಗೀಟಿಗೂ ‘ರೈಟು’ ಎಂದೇ ಹೆಸರು. ವ್ಯವಹಾರ ಕುದುರಿದಾಗ ‘ರೈಟ್, ಹಾಗಾದರೆ ನಾಳೆ ನೋಡೋಣ’ ಎಂದು ಎದ್ದು ಹೋಗುತ್ತೇವೆ. ಇಷ್ಟು ಸಣ್ಣ ಪದ ಇಷ್ಟೆಲ್ಲ ಕೆಲಸ ಮಾಡುವುದನ್ನು ಕಂಡಾಗ ಇದರ ಬೆನ್ನು ಹತ್ತಿ ಸ್ವಲ್ಪ ದೂರ ಹೋಗಿ ನೋಡಬೇಕೆನಿಸುತ್ತದೆ.

ಇಂಗ್ಲಿಷಿನಲ್ಲೇ ಇದರ ಸಂಸಾರ ದೊಡ್ಡದು. ಬಲಗಡೆ ಎಂಬುದು ಒಂದು ಅರ್ಥ. ಸರಿ ಎಂಬುದು ಇನ್ನೊಂದು. ನ್ಯಾಯ ಎಂಬುದು ಮತ್ತೊಂದು. ಹಕ್ಕು ಎಂಬುದು ಮಗದೊಂದು. ‘ರೈಟ್ ನೌ’ ಎಂದರೆ ಈಗಿಂದೀಗಲೇ, ‘ರೈಟ್ ಹಿಯರ್’ ಎಂದರೆ ಇಲ್ಲಿಯೇ. ‘ಆಲ್‌ರೈಟ್’ ಎಂದರೆ ಕ್ಷೇಮ, ಒಪ್ಪಿಗೆ, ಕೆಲವೊಮ್ಮೆ ಬೇಸರವೂ ಹೌದು. ರೇಖಾಗಣಿತದ ಲಂಬಕೋನವೂ ಅವರಿಗೆ ‘ರೈಟ್’ ಕೋನವೇ. ಇನ್ನು ಕನ್ನಡ ಲಿಪಿಯಲ್ಲಿ ಬರೆದೆವೆಂದರೆ ಗಲಿಬಿಲಿ ಇಮ್ಮಡಿ. ಬರೆಯುವ ರೈಟ್, ಮದುವೆ ಮುಂಜಿಗಳ ವಿಧಿಯಾದ ರೈಟ್, ಕಟ್ಟುವ ಕಸುಬಿನವನಾದ ರೈಟ್, ಎಲ್ಲವೂ ನಮ್ಮ ಕಾಗುಣಿತದಲ್ಲಿ ಒಂದೇ ವೇಷ ತೊಡುತ್ತವೆ. ನಾಟಕಕಾರನಿಗೆ ಹೇಳುವ ‘ಪ್ಲೇರೈಟ್’ ಎಂಬುದರಲ್ಲಿ ಇರುವುದು ಬರೆಯುವವನೆಂದೇ ಬಹಳ ಮಂದಿಯ ತಿಳಿವಳಿಕೆ. ಅಲ್ಲಿರುವುದು ಹಡಗು ಕಟ್ಟುವವನ, ಗಾಡಿಯ ಚಕ್ರ ಮಾಡುವವನ ಜಾತಿಗೆ ಸೇರಿದ ಕಸುಬುದಾರ. ಆದರೆ ಈ ದಾಯಾದಿಗಳನ್ನೆಲ್ಲ ಇಲ್ಲಿಯೇ ಬಿಟ್ಟು ಮೂಲಪುರುಷನನ್ನಷ್ಟೇ ವಿಚಾರಿಸೋಣ.

ಈ ‘ರೈಟ್’ ಎಂಬುದರ ಬೇರು ನೇರವಾದದ್ದು, ನೆಟ್ಟಗಿರುವುದು ಎಂಬ ಅರ್ಥದ್ದು. ಲ್ಯಾಟಿನ್ನಿನ ‘ರೆಕ್ಟಸ್’, ಸಂಸ್ಕೃತದ ‘ಋಜು’ ಇದರ ಬಳಗದವೇ. ಸೊಟ್ಟಗಿಲ್ಲದ ಗೆರೆಯಿಂದ ಸೊಟ್ಟಗಿಲ್ಲದ ನಡತೆಗೆ ಅರ್ಥ ಹರಿದದ್ದು ಸಹಜವೇ ಆಗಿದೆ. ನಾವೂ ‘ನೇರ ಮನುಷ್ಯ’ ಎನ್ನುತ್ತೇವೆ, ‘ನೆಟ್ಟಗಿರು’ ಎಂದು ಮಕ್ಕಳನ್ನು ಗದರಿಸುತ್ತೇವೆ. ಆದರೆ ಇದೇ ಪದ ಬಲಗೈಗೂ ಹೆಸರಾದದ್ದು ಅಷ್ಟು ನಿರಪಾಯದ ಸಂಗತಿಯಲ್ಲ. ಬಲಗೈ ‘ಸರಿ’ಯಾದ ಕೈ ಎಂದ ಮೇಲೆ ಎಡಗೈ ಏನಾಯಿತು? ಅಪಶಕುನಕ್ಕೂ ಕೇಡಿಗೂ ಇಂಗ್ಲಿಷಿನಲ್ಲಿ ಬಳಸುವ ‘ಸಿನಿಸ್ಟರ್’ ಎಂಬ ಪದ ಲ್ಯಾಟಿನ್ನಿನಲ್ಲಿ ‘ಎಡ’ ಎಂಬುದೇ. ನಮ್ಮಲ್ಲೂ ಕಥೆ ಬೇರೆಯಲ್ಲ. ದೇವರನ್ನು ಬಲಕ್ಕಿಟ್ಟು ಸುತ್ತಿದರೆ ಪ್ರದಕ್ಷಿಣೆ. ಅಡ್ಡದಾರಿಯಲ್ಲಿ ಕಾರ್ಯ ಸಾಧಿಸಿದರೆ ವಾಮಮಾರ್ಗ. ಎಡಗೈಯಲ್ಲಿ ಬರೆಯುವ ಎಷ್ಟು ಮಕ್ಕಳು ಇದಕ್ಕಾಗಿ ಏಟು ತಿಂದಿದ್ದಾರೋ!

ಕೈಯ ಭೇದ ಕೈಯಲ್ಲೇ ನಿಲ್ಲಲಿಲ್ಲ. ದಕ್ಷಿಣ ಭಾರತದಲ್ಲಿ ಶತಮಾನಗಳ ಕಾಲ ಜಾತಿಗಳು ಬಲಗೈ, ಎಡಗೈ ಎಂದು ಎರಡು ಬಣಗಳಾಗಿ ನಿಂತಿದ್ದವು. ಯಾವ ಬೀದಿಯಲ್ಲಿ ಯಾರ ಮೆರವಣಿಗೆ ಹೋಗಬೇಕೆಂಬ ವಿಷಯಕ್ಕೆ ಮದರಾಸಿನಲ್ಲಿ 1652ರಲ್ಲೂ 1707ರಲ್ಲೂ ದೊಡ್ಡ ಜಗಳಗಳಾಗಿ ಕಂಪನಿ ಸರ್ಕಾರ ನಡುವೆ ಬರಬೇಕಾಯಿತು. ಇನ್ನು ರಾಜಕೀಯದ ಬಲಪಂಥ, ಎಡಪಂಥಗಳೆಂಬ ಹೆಸರುಗಳು ಬಂದದ್ದು 1789ರ ಫ್ರಾನ್ಸಿನ ಸಭೆಯಲ್ಲಿ ಅರಸನ ಪಕ್ಷದವರು ಅಧ್ಯಕ್ಷರ ಬಲಕ್ಕೂ ವಿರೋಧಿಗಳು ಎಡಕ್ಕೂ ಕುಳಿತದ್ದರಿಂದ. ಕುಳಿತ ಜಾಗವೇ ಸಿದ್ಧಾಂತದ ಹೆಸರಾಯಿತು! ಕನ್ನಡದಲ್ಲಿ ಇನ್ನೊಂದು ವಿಶೇಷವಿದೆ. ‘ಬಲ’ ಎಂದರೆ ಬಲಗಡೆಯೂ ಹೌದು, ಶಕ್ತಿಯೂ ಹೌದು. ಶಕ್ತಿಯಿರುವ ಕಡೆಯೇ ನ್ಯಾಯದ ಕಡೆ ಎಂಬ ಭ್ರಮೆಗೆ ಭಾಷೆಯೂ ಕೈಜೋಡಿಸುತ್ತದೆಯೋ ಏನೋ. ಮುಂಬಯಿ, ದಿಲ್ಲಿಗಳಲ್ಲಿರುವ ನಮಗೆ ‘ಜಿಸ್ಕೀ ಲಾಠೀ ಉಸ್ಕೀ ಭೈಂಸ್’ ಎಂಬ ಗಾದೆಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟಾದರೂ ನಮ್ಮನ್ನು ನಿಜವಾಗಿ ಕಾಡುವ ತೊಡಕು ಎಡಬಲಗಳದಲ್ಲ. ಇಂಗ್ಲಿಷಿನಲ್ಲಿ ‘ಸರಿ’ಗೂ ‘ಹಕ್ಕಿ’ಗೂ ಒಂದೇ ಪದ. ಜರ್ಮನ್ನರ ‘ರೆಖ್ಟ್’, ಫ್ರೆಂಚರ ‘ದ್ರ್ವಾ’ ಎಂಬುವೂ ಹೀಗೆಯೇ. ಅಲ್ಲಿ ಹಕ್ಕು, ಕಾನೂನು ಎರಡಕ್ಕೂ ಅದೇ ಪದ. ಕನ್ನಡ ಮಾತ್ರ ಇವನ್ನು ಬೇರೆ ಬೇರೆ ಪಾತ್ರೆಗಳಲ್ಲಿ ಇಟ್ಟಿದೆ. ಸರಿ ನಮ್ಮದೇ ಪದ. ಸಮ, ತಕ್ಕದ್ದು, ಒಪ್ಪುವಂಥದ್ದು ಎಂಬ ಭಾವ ಅದರಲ್ಲಿದೆ. ಹಕ್ಕು ಅರಬ್ಬಿಯಿಂದ ಬಂದದ್ದು. ಅಲ್ಲಿ ‘ಹಕ್’ ಎಂದರೆ ಸತ್ಯ ಎಂಬರ್ಥವೂ ಉಂಟು, ದೇವರ ಹೆಸರುಗಳಲ್ಲಿ ಅದೂ ಒಂದು. ಕಚೇರಿ ಕಾಗದಪತ್ರಗಳ ದಾರಿಯಲ್ಲಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಸತ್ಯ ಎಲ್ಲೋ ಉದುರಿಹೋಗಿ ಪಾಲು, ಬಾಧ್ಯತೆ, ಜಮೀನು ಇಷ್ಟೇ ಉಳಿದವು. ಹಿಂದಿಯವರು ಹಕ್ಕಿಗೆ ‘ಅಧಿಕಾರ’ ಎನ್ನುತ್ತಾರೆ. ಕನ್ನಡಿಗನ ಕಿವಿಗೆ ಅಧಿಕಾರ ಎಂದರೆ ಕುರ್ಚಿ, ಮೊಹರು, ದರ್ಪ. ಗೀತೆಯ ಪ್ರಸಿದ್ಧ ಶ್ಲೋಕದಲ್ಲಿ ಬರುವ ‘ಅಧಿಕಾರ’ವೋ ಮಾಡುವ ಕೆಲಸಕ್ಕೆ ಸಂಬಂಧಿಸಿದ್ದೇ ಹೊರತು ಪಡೆಯುವ ಫಲಕ್ಕಲ್ಲ. ಒಂದು ಪದವನ್ನು ಭಾಷೆಯಿಂದ ಭಾಷೆಗೆ ದಾಟಿಸುವಾಗ ಇಡೀ ಧರ್ಮವಿಚಾರವೇ ಅಲುಗಾಡುತ್ತದೆ.

ಒಂದೇ ಪದದಲ್ಲಿ ಎರಡನ್ನೂ ಇಟ್ಟುಕೊಂಡವರಿಗೆ ಒಂದು ಸುಲಭದ ಜಾರುಬಂಡೆಯಿದೆ. ‘ನನಗೆ ರೈಟ್ ಇದೆ’ ಎಂದು ಶುರುವಾದ ವಾದ ‘ನಾನು ಮಾಡಿದ್ದು ರೈಟ್’ ಎಂದು ಮುಗಿದುಬಿಡುತ್ತದೆ. ನಡುವಿನ ಮೆಟ್ಟಿಲೇ ಕಾಣಿಸುವುದಿಲ್ಲ. ಕನ್ನಡದಲ್ಲಿ ಹೇಳಿ ನೋಡಿ: ‘ನನಗೆ ಹಕ್ಕಿದೆ, ಆದ್ದರಿಂದ ನಾನು ಮಾಡಿದ್ದು ಸರಿ.’ ‘ಆದ್ದರಿಂದ’ ಎಂಬ ಪದ ಕೂಡಲೇ ನಾಲಗೆಗೆ ತಡೆಯುತ್ತದೆ. ಹೌಸಿಂಗ್ ಸೊಸೈಟಿಯ ಸಭೆಗಳಿಗೆ ಹೋದವರೆಲ್ಲರಿಗೂ ಈ ಜಾರುಬಂಡೆಯ ಪರಿಚಯವಿದ್ದೇ ಇದೆ. ಕಾರು ನಿಲ್ಲಿಸುವ ಜಾಗ, ನೀರಿನ ಟ್ಯಾಂಕಿಯ ಬೀಗ, ಹಬ್ಬದ ಧ್ವನಿವರ್ಧಕ ಇವುಗಳ ಬಗ್ಗೆ ಅಲ್ಲಿ ಏಳುವ ಮಾತುಗಳಲ್ಲಿ ಮುಕ್ಕಾಲುಪಾಲು ಹಕ್ಕಿನವು. ಇದು ಸರಿಯೇ ಎಂದು ಕೇಳಿದವನನ್ನು ಎಲ್ಲರೂ ವಿಚಿತ್ರವಾಗಿ ನೋಡುತ್ತಾರೆ.

ತತ್ತ್ವಶಾಸ್ತ್ರಜ್ಞರು ಈ ಗಂಟನ್ನು ಬಿಡಿಸಲು ಹೆಣಗಿದ್ದಾರೆ. ಅಮೆರಿಕದ ನ್ಯಾಯಶಾಸ್ತ್ರಜ್ಞ ಹೋಫೆಲ್ಡ್ 1913ರಲ್ಲಿ ಬರೆದ ಲೇಖನವೊಂದರಲ್ಲಿ, ನಾವು ಹಕ್ಕು ಎನ್ನುವುದು ಒಂದೇ ವಸ್ತುವಲ್ಲ, ಹಲವು ಬಗೆಯವು ಎಂದು ಬಿಡಿಸಿ ತೋರಿಸಿದರು. ಅದರಲ್ಲಿ ಎರಡನ್ನು ನಮ್ಮ ರೈಲಿನಿಂದಲೇ ತಿಳಿಯಬಹುದು. ರಿಸರ್ವೇಶನ್ ಮಾಡಿಸಿದ ಸೀಟಿನಲ್ಲಿ ಬೇರೊಬ್ಬರು ಕುಳಿತಿದ್ದರೆ ಅವರು ಏಳಲೇಬೇಕು. ಇಲ್ಲಿ ನಮ್ಮ ಹಕ್ಕು ಇನ್ನೊಬ್ಬರ ಕರ್ತವ್ಯದೊಂದಿಗೆ ಜೋಡಿಯಾಗಿಯೇ ಬರುತ್ತದೆ. ಲೋಕಲ್ ರೈಲಿನ ಜನರಲ್ ಡಬ್ಬಿಯಲ್ಲಿ ಕುಳಿತುಕೊಳ್ಳಲು ನಮಗೆ ಸ್ವಾತಂತ್ರ್ಯವಿದೆ, ಆದರೆ ಎದ್ದು ಜಾಗ ಕೊಡುವ ಕಟ್ಟುಪಾಡು ಬೇರೆ ಯಾರಿಗೂ ಇಲ್ಲ. ಎರಡನ್ನೂ ನಾವು ‘ರೈಟ್’ ಎಂದೇ ಕರೆದು ಜಗಳಕ್ಕೆ ನಿಲ್ಲುತ್ತೇವೆ. ಜೆರೆಮಿ ವಾಲ್ಡ್ರನ್ ಎಂಬವರು 1981ರಲ್ಲಿ ಇನ್ನೂ ಮುಂದೆ ಹೋಗಿ, ತಪ್ಪು ಮಾಡುವುದಕ್ಕೂ ಮನುಷ್ಯನಿಗೆ ಹಕ್ಕಿರಬಹುದು ಎಂದು ವಾದಿಸಿದರು. ಮೊದಲು ಕೇಳಿದಾಗ ಇದು ಚಮತ್ಕಾರದ ಮಾತೆನಿಸುತ್ತದೆ. ಯೋಚಿಸಿದರೆ ನಿತ್ಯದ ಅನುಭವವೇ. ಕೈತುಂಬ ಹಣವಿದ್ದವನು ಒಂದು ಕಾಸೂ ದಾನ ಮಾಡದಿರಬಹುದು. ಅವನ ಕಿಸೆಗೆ ಕೈಹಾಕುವ ಹಕ್ಕು ನಮಗಿಲ್ಲ. ಹಾಗೆಂದ ಮಾತ್ರಕ್ಕೆ ಅವನು ಮಾಡಿದ್ದು ಸರಿಯೆಂದು ನಾವು ಒಪ್ಪಿದಂತಾಗಲಿಲ್ಲ. ಹಕ್ಕು ಬೇರೆಯವರ ಕೈಯನ್ನು ತಡೆಯುತ್ತದೆ, ಅಷ್ಟೆ. ನಮ್ಮ ಕೈ ಏನು ಮಾಡಬೇಕೆಂಬುದನ್ನು ಅದು ಹೇಳುವುದಿಲ್ಲ.

ಲೋಕಲ್ ರೈಲಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಮೂವರ ಸೀಟಿನಲ್ಲಿ ನಾಲ್ಕನೆಯವನು ಅಂಚಿನಲ್ಲಿ ಕೂರುವ ‘ಫೋರ್ತ್ ಸೀಟ್’ ಪದ್ಧತಿ ಮುಂಬಯಿಯವರಿಗೆಲ್ಲ ಗೊತ್ತು. ಕೇಳುವವನು ಹಕ್ಕಿನಿಂದ ಕೇಳುವುದಿಲ್ಲ, ಕೊಡುವವನು ಉಪಕಾರವೆಂದು ಕೊಡುವುದಿಲ್ಲ. ಕಣ್ಸನ್ನೆಯಷ್ಟೇ ಸಾಕು. ಇಂಥ ಕಡೆ ಕನ್ನಡಿಗನು ‘ಸ್ವಲ್ಪ ಸರೀರಿ’ ಎನ್ನುತ್ತಾನೆ. ನಮ್ಮ ಭಾಷೆಯಲ್ಲಿ ಸರಿ ಎಂದರೆ ಯುಕ್ತವಾದದ್ದು, ಸರಿ ಎಂದರೆ ಪಕ್ಕಕ್ಕೆ ಜರುಗು. ಪಂಡಿತರು ಇವೆರಡನ್ನು ಬೇರೆ ಬೇರೆ ಪದಗಳೆಂದು ಹೇಳಲಿ. ಬಾಳಿನಲ್ಲಿ ಸರಿಯಾದದ್ದು ಎಷ್ಟೋ ಸಲ ಸರಿಯುವುದೇ ಆಗಿರುತ್ತದೆ.

ಹಾಗಾದರೆ ಹಕ್ಕಿನ ಮಾತೇ ಬೇಡ, ಎಲ್ಲರೂ ಕರ್ತವ್ಯ ಮಾಡಿದರೆ ಸಾಕು ಎನ್ನೋಣವೇ? ಹೀಗೆನ್ನುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅವರಿಗೆ ದೊಡ್ಡ ಆಸರೆಯೂ ಇದೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ 1948ರಲ್ಲಿ ಹೊರಬರುವ ಮುನ್ನ, 1947ರಲ್ಲಿ, ಯುನೆಸ್ಕೋದ ಜೂಲಿಯನ್ ಹಕ್ಸ್‌ಲಿ ಗಾಂಧೀಜಿಯವರ ಅಭಿಪ್ರಾಯ ಕೇಳಿದ್ದರು. ಹಕ್ಕುಗಳೆಲ್ಲ ಚೆನ್ನಾಗಿ ಮಾಡಿದ ಕರ್ತವ್ಯದಿಂದ ಹುಟ್ಟುತ್ತವೆಂದೂ, ಇದನ್ನು ಓದುಬರಹ ಬಾರದ ತಮ್ಮ ತಾಯಿಯಿಂದ ಕಲಿತೆನೆಂದೂ ಗಾಂಧೀಜಿ ಉತ್ತರ ಬರೆದರು. ಮನೆಯೊಳಗೆ ಈ ಮಾತಿಗೆ ಎದುರಿಲ್ಲ. ತಾಯಿ ಮಗುವಿಗೆ ಹಾಲೂಡಿಸುವುದು ಮಗುವಿನ ಹಕ್ಕನ್ನು ಓದಿಕೊಂಡಲ್ಲ. ಅಣ್ಣತಮ್ಮಂದಿರು ಹಕ್ಕಿನ ಭಾಷೆ ಆಡತೊಡಗಿದರೆ ಮನೆ ಪಾಲಾಗುವ ದಿನ ದೂರವಿಲ್ಲವೆಂದು ಹಿರಿಯರಿಗೆ ತಿಳಿದುಹೋಗುತ್ತದೆ.

ಆದರೆ ಊರೆಲ್ಲ ಮನೆಯಲ್ಲ. ಮುಂಬಯಿಯಿಂದ ಬಹುದೂರವೇನೂ ಇಲ್ಲದ ಮಹಾಡದ ಚವದಾರ ಕೆರೆಯನ್ನು ನೆನೆಯೋಣ. ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರೂ ಬಳಸಬಹುದೆಂಬ ಬೋಲೆಯವರ ಠರಾವು ಮುಂಬಯಿ ಶಾಸನಸಭೆಯಲ್ಲಿ 1923ರಲ್ಲಿ ಒಪ್ಪಿಗೆ ಪಡೆಯಿತು. ಮಹಾಡದ ಪುರಸಭೆಯೂ ಕೆರೆ ಎಲ್ಲರಿಗೂ ಮುಕ್ತವೆಂದು ಹೇಳಿತು. ಆದರೂ ದನಕರುಗಳು ಕುಡಿಯುತ್ತಿದ್ದ ಆ ನೀರನ್ನು ಆ ಮನುಷ್ಯರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಂದಿಗೆ ಹೋಗಿ ಆ ನೀರನ್ನು ಬೊಗಸೆಯಲ್ಲಿ ತೆಗೆದುಕೊಂಡರು. ಅದಕ್ಕಾಗಿ ಅವರ ಕಡೆಯವರು ಪೆಟ್ಟು ತಿಂದರು. ಕೆರೆಯನ್ನು ಶುದ್ಧಿ ಮಾಡುವ ಶಾಸ್ತ್ರವೂ ನಡೆಯಿತು. ವ್ಯಾಜ್ಯ ಕೋರ್ಟುಗಳಲ್ಲಿ ಸುತ್ತಿ, ಹೈಕೋರ್ಟಿನಲ್ಲಿ ಕೊನೆಗೆ ಅವರ ಪರವಾಗಿ ತೀರ್ಪಾದದ್ದು 1937ರಲ್ಲಿ. ಆ ಜನ ಕರ್ತವ್ಯದಲ್ಲಿ ಏನು ಕಡಿಮೆ ಮಾಡಿದ್ದರು? ತಲೆಮಾರುಗಳ ಕಾಲ ಊರಿನ ಕಷ್ಟದ ಕೆಲಸಗಳನ್ನೆಲ್ಲ ಮಾಡಿದವರು ಅವರೇ. ಕರ್ತವ್ಯದಿಂದ ಹಕ್ಕು ತಾನಾಗಿ ಹುಟ್ಟುವುದಾಗಿದ್ದರೆ ಅವರಿಗೆ ಎಂದೋ ಹುಟ್ಟಿರಬೇಕಿತ್ತು. ಎದುರಿನವನ ಒಳ್ಳೆಯತನವನ್ನು ನಂಬಿ ಕೂರಲಾಗದ ಕಡೆ ಹಕ್ಕಲ್ಲದೆ ಬೇರೆ ಊರುಗೋಲಿಲ್ಲ. ‘ಹಕ್ಕಿನ ಮಾತೇಕೆ, ಕರ್ತವ್ಯ ನೋಡಿ’ ಎಂಬ ಉಪದೇಶ ಬಂದಾಗ, ಅದನ್ನು ಹೇಳುವವರ ಕೈಯಲ್ಲಿ ಎಷ್ಟು ಹಕ್ಕುಗಳು ಈಗಾಗಲೇ ಭದ್ರವಾಗಿವೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಆದ್ದರಿಂದ ಹಕ್ಕು ಬೇಕು, ಸರಿಯೂ ಬೇಕು. ಒಂದು ಇನ್ನೊಂದರ ಕೆಲಸವನ್ನು ಮಾಡಲಾರದು. ಹಕ್ಕಿಗೆ ಹುಟ್ಟಿದ ದಿನವೆಂಬುದಿದೆ, ಕೆಲವೊಮ್ಮೆ ಮುಗಿಯುವ ದಿನವೂ ಇದೆ. ಆಸ್ತಿಯ ಹಕ್ಕು ಸಂವಿಧಾನದ ಆರಂಭದಿಂದ ಮೂಲಭೂತ ಹಕ್ಕಾಗಿದ್ದು, 1978ರ 44ನೆಯ ತಿದ್ದುಪಡಿಯಿಂದ ಆ ಪಟ್ಟಿಯಿಂದ ಇಳಿದು ಸಾಮಾನ್ಯ ಕಾನೂನುಬದ್ಧ ಹಕ್ಕಾಯಿತು. ಇನ್ನೊಬ್ಬರ ಜಮೀನನ್ನು ಒತ್ತುವರಿ ಮಾಡುವುದು ಅದಕ್ಕೆ ಮೊದಲೂ ಸರಿಯಲ್ಲ, ಆಮೇಲೂ ಸರಿಯಲ್ಲ.

ಈ ವಿಚಾರವೆಲ್ಲ ಹೊರನಾಡ ಕನ್ನಡಿಗರಾದ ನಮ್ಮ ಹೊಸ್ತಿಲಿಗೇ ಬಂದು ನಿಲ್ಲುವ ಒಂದು ಜಾಗವಿದೆ. ಷೇರುಪೇಟೆಯ ಪರಿಚಯವಿದ್ದವರಿಗೆ ‘ರೈಟ್ಸ್ ಇಶ್ಯೂ’ ಗೊತ್ತು. ಕಂಪನಿ ಹೊಸ ಷೇರು ಹೊರಡಿಸುವಾಗ ಹಳೆಯ ಷೇರುದಾರರಿಗೆ ಅವರವರ ಪಾಲಿಗೆ ತಕ್ಕಂತೆ ಮೊದಲು ಕೊಳ್ಳುವ ಹಕ್ಕು ಕೊಡುತ್ತದೆ. ನಿಗದಿಯಾದ ದಿನದೊಳಗೆ ಹಣ ಕಟ್ಟಿ ತೆಗೆದುಕೊಳ್ಳಬಹುದು, ಬೇರೆಯವರಿಗೆ ಬಿಟ್ಟುಕೊಡಬಹುದು. ಏನೂ ಮಾಡದೆ ಸುಮ್ಮನಿದ್ದರೆ ಹಕ್ಕು ಕೈತಪ್ಪುತ್ತದೆ. ಭಾಷೆಯ ವಿಷಯದಲ್ಲಿ ನಮ್ಮ ಸಂವಿಧಾನ ನಮಗೆ ಕೊಟ್ಟಿರುವುದೂ ಹೆಚ್ಚುಕಡಿಮೆ ಹೀಗೆಯೇ ಇದೆ. ತನ್ನದೇ ಭಾಷೆ, ಲಿಪಿ, ಸಂಸ್ಕೃತಿಗಳನ್ನು ಉಳಿಸಿಕೊಳ್ಳುವ ಹಕ್ಕನ್ನು 29ನೆಯ ವಿಧಿ ಕೊಡುತ್ತದೆ. ಭಾಷಾ ಅಲ್ಪಸಂಖ್ಯಾತರು ತಮಗೆ ಬೇಕಾದ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು 30ನೆಯ ವಿಧಿ ಕೊಡುತ್ತದೆ. 1956ರಲ್ಲಿ ಸೇರಿದ 350-ಎ ವಿಧಿ ಇಂಥ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣದ ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ. ಮುಂಬಯಿ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತ ಬಂದಿದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದುವ ಹುಡುಗರಿಗಾಗಿ ಕನ್ನಡಿಗರೇ ರಾತ್ರಿಶಾಲೆಗಳನ್ನು ಕಟ್ಟಿದರು. ಹಕ್ಕಿಗೆ ಕೊರತೆಯಿರಲಿಲ್ಲ. ಕೊರತೆಯಾದದ್ದು ಬೆಂಚಿನ ಮೇಲೆ ಕೂರುವ ಮಕ್ಕಳಿಗೆ.

ಇನ್ನೊಂದು ಮಗ್ಗುಲೂ ಇದೆ. ಪ್ರಾಥಮಿಕ ಶಾಲೆಗಳಲ್ಲಿ ತಾಯ್ನುಡಿಯ ಅಥವಾ ಕನ್ನಡದ ಮಾಧ್ಯಮವೇ ಇರಬೇಕೆಂದು ಕರ್ನಾಟಕ ಸರ್ಕಾರ 1994ರಲ್ಲಿ ಹೊರಡಿಸಿದ ಆಜ್ಞೆ ಕೋರ್ಟಿನ ಮೆಟ್ಟಿಲೇರಿತು. ಕೊನೆಗೆ 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಮಾಧ್ಯಮವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಮಗುವಿನದು, ಮಗುವಿನ ಪರವಾಗಿ ತಂದೆತಾಯಿಗಳದು, ಸರ್ಕಾರ ಅದನ್ನು ಹೇರುವಂತಿಲ್ಲವೆಂದು ತೀರ್ಪು ಕೊಟ್ಟಿತು. ಹಕ್ಕಿನ ಪ್ರಶ್ನೆ ಅಲ್ಲಿಗೆ ತೀರಿತು. ಸರಿಯ ಪ್ರಶ್ನೆಯನ್ನು ತೀರಿಸುವುದು ಯಾವ ನ್ಯಾಯಾಲಯದ ಕೆಲಸವೂ ಅಲ್ಲ. ಅದು ನಮ್ಮ ಅಡುಗೆಮನೆಯಲ್ಲಿ, ಮಗುವಿಗೆ ಶಾಲೆ ಹುಡುಕುವ ತಿಂಗಳಲ್ಲಿ, ಗಂಡಹೆಂಡಿರ ನಡುವೆ ತೀರ್ಮಾನವಾಗಬೇಕಾದದ್ದು.

ಇಲ್ಲಿ ನಾವು ಪ್ರಾಮಾಣಿಕರಾಗಿ ಮಾತಾಡಬೇಕು. ನವೆಂಬರ್ ತಿಂಗಳ ವೇದಿಕೆಯಲ್ಲಿ ಕನ್ನಡ ಶಾಲೆ ಉಳಿಯಬೇಕೆಂದು ಭಾಷಣ ಮಾಡುವ ನಮ್ಮಲ್ಲಿ ಬಹುಮಂದಿಯ ಮಕ್ಕಳು, ಮೊಮ್ಮಕ್ಕಳು ಓದುವುದು ಇಂಗ್ಲಿಷ್ ಶಾಲೆಗಳಲ್ಲಿ. ಹಾಗಾದರೆ ಆ ಕನ್ನಡ ಶಾಲೆಗೆ ಯಾರ ಮಕ್ಕಳು ಹೋಗಬೇಕೆಂದು ನಮ್ಮ ಅಪೇಕ್ಷೆ? ಕ್ಯಾಂಟೀನಿನ ಮಾಣಿಯ ಮಗನೇ? ಮನೆಗೆಲಸದಾಕೆಯ ಮಗಳೇ? ಭಾಷೆ ಎಲ್ಲರದು, ಅದರ ಬೆಲೆಯನ್ನು ಮಾತ್ರ ಬಡವರ ಮಕ್ಕಳು ತೆರಲಿ ಎಂದರೆ ಅದು ಸರಿಯಲ್ಲ. ಇಂಗ್ಲಿಷ್ ಶಾಲೆಗೆ ಸೇರಿಸಿದ ಆ ಮಾಣಿಯನ್ನು ಭಾಷಾದ್ರೋಹಿಯೆನ್ನುವುದು ಇನ್ನೂ ಸರಿಯಲ್ಲ. ಅವನು ತನ್ನ ಹಕ್ಕನ್ನು ಬಳಸಿದ್ದಾನೆ, ಮಗನ ಅನ್ನದ ದಾರಿ ನೋಡಿದ್ದಾನೆ. ಬೇರೂರಿದ ಮನೆ, ನಿಶ್ಚಿಂತೆಯ ಸಂಬಳ, ಮಗು ಎಲ್ಲಿ ಓದಿದರೂ ಬದುಕಿಕೊಳ್ಳುತ್ತದೆಂಬ ಧೈರ್ಯ ಯಾರಿಗಿದೆಯೋ ಅವರ ಮೇಲೆಯೇ ಕನ್ನಡದ ಹೊರೆ ಹೆಚ್ಚು. ಅಂಥವರು ‘ಏನು ಮಾಡುವುದು, ಕಾಲ ಹಾಗಿದೆ’ ಎಂದರೆ ಅದು ವಿವರಣೆಯಾಗಬಹುದು, ಸಮರ್ಥನೆಯಾಗಲಾರದು.

ಇದಕ್ಕೆ ಉತ್ತರವಾಗಿ ಎಲ್ಲರೂ ನಾಳೆಯೇ ಮಕ್ಕಳನ್ನು ಕನ್ನಡ ಶಾಲೆಗೆ ಹಾಕಿರೆಂದು ನಾವು ಹೇಳುತ್ತಿಲ್ಲ. ಶಾಲೆ ಯಾವುದೇ ಇರಲಿ, ಮನೆಯಲ್ಲಿ ಅಕ್ಷರ ಕಲಿಸಲು ಯಾವ ವಿಧಿಯ ಅಡ್ಡಿಯೂ ಇಲ್ಲ. 2002ರ 86ನೆಯ ತಿದ್ದುಪಡಿ ಶಿಕ್ಷಣವನ್ನು ಮಗುವಿನ ಮೂಲಭೂತ ಹಕ್ಕನ್ನಾಗಿ ಮಾಡಿತು, ಅದೇ ತಿದ್ದುಪಡಿಯೇ ಮಗುವಿಗೆ ಕಲಿಯುವ ಅವಕಾಶ ಒದಗಿಸುವುದನ್ನು ತಂದೆತಾಯಿಗಳ ಕರ್ತವ್ಯವನ್ನಾಗಿಯೂ ಮಾಡಿತು. ಅಜ್ಜಿಯ ಪತ್ರ ಓದಲಾರದ, ಈ ಮಾಸಪತ್ರಿಕೆ ಮನೆಗೆ ಬಂದಾಗ ಚಿತ್ರಗಳನ್ನಷ್ಟೇ ನೋಡಿ ಕೆಳಗಿಡುವ ಮಗುವಿನ ಪರವಾಗಿ ನಾವು ಒಂದು ಹಕ್ಕನ್ನು ಬಿಟ್ಟುಕೊಟ್ಟಿದ್ದೇವೆ. ರೈಟ್ಸ್ ಇಶ್ಯೂವಿನಲ್ಲಾದರೂ ಬೇರೆಯವರಿಗೆ ಬಿಟ್ಟುಕೊಡಲು ಷೇರುದಾರನ ಒಪ್ಪಿಗೆ ಬೇಕು. ಇಲ್ಲಿ ಮಗುವನ್ನು ಯಾರೂ ಕೇಳಲೇ ಇಲ್ಲ.

‘ರೈಟ್’ ಎಂಬ ಪದ ನಾಲಗೆಗೆ ಬಂದಾಗಲೆಲ್ಲ ಅದನ್ನು ಕನ್ನಡದಲ್ಲಿ ಒಮ್ಮೆ ಹೇಳಿಕೊಳ್ಳುವ ಅಭ್ಯಾಸ ಒಳ್ಳೆಯದು. ಹಕ್ಕೋ, ಸರಿಯೋ? ಹಕ್ಕಾದರೆ ಯಾರ ಹಕ್ಕು, ಅದಕ್ಕೆ ಜೋಡಿಯಾದ ಕರ್ತವ್ಯ ಯಾರದು? ಸರಿಯಾದರೆ ಯಾರಿಗೆ ಸರಿ? ಇಂಗ್ಲಿಷರು ಒಂದೇ ಪದದಿಂದ ಮುಗಿಸುವ ಕೆಲಸಕ್ಕೆ ನಮ್ಮ ಭಾಷೆ ಎರಡು ಪದಗಳನ್ನು ಇಟ್ಟುಕೊಂಡಿರುವುದು ಬಡತನವಲ್ಲ. ಇಂಥ ಭಾಷೆಯನ್ನು ಮಕ್ಕಳಿಗೆ ದಾಟಿಸಲು ಊಟದ ನಂತರದ ಅರ್ಧ ಗಂಟೆ ಸಾಕು. ಅದನ್ನು ಇಂದೇ ಆರಂಭಿಸಬಹುದು.